ಹಗೇವಿನ ಬಾಯಲ್ಲಿ ಕೇಳಿದ ಕೂಗು

ಈಗ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರೆಲ್ಲ ಕೇಳುವ ಪ್ರಶ್ನೆ ಒಂದೇ. "ಅಜ್ಜಾರ, ಯುದ್ಧಕ್ಕ ಸುರಿಯೋ ಖರ್ಚಿನ ವಿರುದ್ಧ, ಯುದ್ಧದಾಗ ಮನಿ ತುಂಬಿಕೊಳ್ಳಾವ್ರ ವಿರುದ್ಧ ಜನರಿಗೆ ಹೆಂಗ ತಿಳಿಸಿ ಹೇಳಬೇಕ್ರಿ?" ಅವರು ನನ್ನಿಂದ ದೊಡ್ಡ ಮಾತುಗಳನ್ನು ನಿರೀಕ್ಷಿಸುತ್ತಾರೆ. ನನಗೋ ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಒಂದು ರೊಟ್ಟಿಯ ವಾಸನೆ ಮೂಗಿಗೆ ಬರುತ್ತದೆ. ಅಜ್ಜನಿಗೆ ಅರಳುಮರಳು ಎಂದುಕೊಳ್ಳಬೇಡಿ. ಆ ರೊಟ್ಟಿಯಿಂದಲೇ ನನ್ನ ನಿಜವಾದ ಕೆಲಸ ಶುರುವಾಯಿತು, ಅದರಿಂದಲೇ ನನ್ನ ಜೀವ ಹೋಗುವುದಿತ್ತು, ಮತ್ತು ಯಾರು ಉಳಿಸಬಾರದಿತ್ತೋ ಅವರೇ ಅದನ್ನು ಉಳಿಸಿದರು. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದೊಂದು ಸಂಗತಿಯನ್ನು ತಿಳಿದುಕೊಂಡರೆ ಸಾಕು, ಉಳಿದದ್ದನ್ನು ರಸ್ತೆಯೇ ಕಲಿಸುತ್ತದೆ.

ನಾನು ಕಾಖಂಡಕಿಯವನು. ಹೆಸರು ಬಸವಂತ. ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ನಾನು ಊರ ಲೆಕ್ಕ ಬರೆಯುವ ತಲಾಟಿಯಾಗಬೇಕೆಂದು ನಮ್ಮಪ್ಪನ ಆಸೆ. ನಾನೇ ಹೋಗಿ ಅಂಬಾಬಾಯಿಯವರ ಕೈಗೆ ಸಿಕ್ಕಿಬಿದ್ದೆ. ಆಗ ನಲವತ್ತರ ದಶಕ, ಎರಡನೆಯ ಮಹಾಯುದ್ಧದ ಕಾಲ. ಯುದ್ಧ ಎಲ್ಲಿಯೋ ನಡೆದಿತ್ತು, ಅದರ ಬಿಸಿ ಮಾತ್ರ ನಮ್ಮ ಹೆಂಚಿಗೆ ತಟ್ಟುತ್ತಿತ್ತು. ಜೋಳ ಸಂತೆಯಿಂದ ಮಾಯ. ಬಟ್ಟೆ ಮಾಯ. ಚಿಮಣಿ ಎಣ್ಣೆ ಮಾಯ. ಎಲ್ಲವೂ ಪಲ್ಟಣಿಗೆ, ಅಂದರೆ ಸೈನ್ಯಕ್ಕೆ, ಹೋಗಿದೆ ಎಂದು ವ್ಯಾಪಾರಿಗಳು ಕೈ ಚೆಲ್ಲುತ್ತಿದ್ದರು. ಆದರೆ ಹಿತ್ತಲ ಬಾಗಿಲಿಗೆ ಹೋಗಿ ಕೇಳಿದ ದರ ಕೊಟ್ಟರೆ ಅದೇ ಜೋಳ, ಅದೇ ಬಟ್ಟೆ, ಅದೇ ಎಣ್ಣೆ ಎದ್ದು ಬರುತ್ತಿದ್ದವು.

ಇದರ ವಿರುದ್ಧ ವಿಜಾಪುರದಲ್ಲಿ ಒಂದು ಸಣ್ಣ ಸಮಿತಿ ಇತ್ತು. ಅದಕ್ಕೊಂದು ಉದ್ದನೆಯ ಹೆಸರಿತ್ತು, ಜನ ಮಾತ್ರ ಜೋಳದ ಸಮಿತಿ ಎನ್ನುತ್ತಿದ್ದರು. ಅಥಣಿ ರಸ್ತೆಯಲ್ಲಿ ಊರು ಮುಗಿಯುವ ಕಡೆ ಒಂದು ತಗಡಿನ ಖೋಲಿ. ಈಗ ಅಲ್ಲಿ ಬಂಗಲೆಗಳು ಸಾಲುಗಟ್ಟಿವೆ, ನಮ್ಮ ಖೋಲಿ ಎಲ್ಲಿತ್ತೆಂದು ನನಗೇ ಗುರುತು ಹತ್ತುವುದಿಲ್ಲ. ಖೋಲಿಯ ಯಜಮಾನಿ ಅಂಬಾಬಾಯಿ. ಕನ್ಯಾಶಾಲೆಯ ಮಾಸ್ತರಿಕೆ ಬಿಟ್ಟು ಬಂದ ವಿಧವೆ, ದಪ್ಪ ಖಾದಿ ಸೀರೆ, ಸೊಂಟದಲ್ಲಿ ತಪಕೀರಿನ ಡಬ್ಬಿ. ಒಂದು ಚಿಟಿಕೆ ತಪಕೀರು ಮೂಗಿಗೇರಿಸಿದರೆಂದರೆ ಮುಂದಿನ ಮಾತು ನಮಗೆ ಹಿತವಾಗಿರುವುದಿಲ್ಲ ಎಂದೇ ಅರ್ಥ. ಸಮಿತಿಯ ಇನ್ನೊಂದು ಆಸ್ತಿ ದಾವಲಸಾಬ ಮತ್ತು ಅವನ ಟಾಂಗಾ. ವಿಜಾಪುರದ ಹಳೆಯ ಮನೆತನದವನು, ನನಗಿಂತ ಸ್ವಲ್ಪ ದೊಡ್ಡವನು, ದನಿ ಎಂಥದೆಂದರೆ ಗಗನಮಹಲಿನಲ್ಲಿ ಕೂಗಿದರೆ ಸ್ಟೇಶನ್ನಿನಲ್ಲಿ ಕೇಳಬೇಕು.

ನನ್ನ ಮೊದಲ ಭಾಷಣ ನಮ್ಮೂರಿನಲ್ಲೇ ಆಯಿತು. ಹೊಸ ಹುಮ್ಮಸ್ಸು. ವಿಜಾಪುರದಿಂದ ಪ್ರಪಂಚದ ದೊಡ್ಡ ನಕಾಶೆಯೊಂದನ್ನು ಎರವು ತಂದು ಕಾಖಂಡಕಿಯ ಚಾವಡಿಯ ಗೋಡೆಗೆ ಬಿಗಿದೆ. ಯಾವ ದೇಶ ಯಾವ ದೇಶದ ಮೇಲೆ ಬಿದ್ದಿದೆ, ಯಾರು ತೋಪಿಗೆಷ್ಟು ವಿಮಾನಕ್ಕೆಷ್ಟು ಸುರಿಯುತ್ತಿದ್ದಾರೆ ಎಂದು ಕೋಲು ಹಿಡಿದು ತೋರಿಸುತ್ತ ಹೋದೆ. ಜನ ಆಕಳಿಸಿದರು. ನಮ್ಮ ದೊಡ್ಡಮ್ಮ ಎದ್ದು ಬಂದು ನಕಾಶೆಯ ಮುಂದೆ ನಿಂತಳು.

"ಬಸೂ, ಇದರಾಗ ಕಾಖಂಡಕಿ ಎಲ್ಲೈತೋ?"

"ಇದರಾಗ ಇಲ್ಲ ದೊಡ್ಡವ್ವ. ಸಣ್ಣ ಊರಲಾ."

"ಬಬಲೇಶ್ವರ?"

"ಅದೂ ಇಲ್ಲ."

"ನಮ್ಮೂರs ಇಲ್ಲಾ ಅಂದ್ರ, ಇವ್ರಿಗೆ ನಮ್ಮ ಜ್ವಾಳದ ವಿಳಾಸ ಯಾರು ಕೊಟ್ಟರೋ ಯಪ್ಪಾ?"

ಸಭೆ ಬಿದ್ದು ಬಿದ್ದು ನಕ್ಕಿತು. ನಾನು ನಕಾಶೆ ಸುತ್ತಿಕೊಂಡು ಟಾಂಗಾ ಹತ್ತಿದೆ. ದಾರಿಯುದ್ದಕ್ಕೂ ದಾವಲಸಾಬ ಕುದುರೆಗೆ ಹೇಳುವಂತೆ ನನಗೆ ಕೇಳಿಸುತ್ತಿದ್ದ, "ನೋಡವಾ, ನಮ್ಮ ಭಾಷಣದ ಸಾಹೇಬರು ಮುದುಕಿ ಕೈಯಾಗ ಸಿಕ್ಕು ಹಣ್ಣಾಗ್ಯಾರ." ನನಗೆ ಸಿಟ್ಟು ಬಂದಿತ್ತು, ಈಗ ಮಾತ್ರ ದೊಡ್ಡಮ್ಮನನ್ನು ನೆನೆಸಿಕೊಂಡು ಕೈ ಮುಗಿಯುತ್ತೇನೆ. ಅವಳು ಕೇಳಿದ ಪ್ರಶ್ನೆಯನ್ನೇ ನಾನು ಆಮೇಲೆ ಎಲ್ಲ ಊರುಗಳಲ್ಲೂ ಕೇಳುತ್ತ ಬಂದೆ. ಜೋಳದ ವಿಳಾಸ ಕೊಟ್ಟವರು ಯಾರು?

ನಡೆದದ್ದನ್ನು ಕೇಳಿ ಅಂಬಾಬಾಯಿ ಡಬ್ಬಿ ತೆಗೆದರು. "ಬಸವಂತ, ಮಂದಿ ಹಸದಾರ. ಹಸದವರ ಮುಂದ ನೀ ಜಗತ್ತು ಬಿಡಿಸಿ ಇಟ್ಟೀದಿ. ಇನ್ನ ಮ್ಯಾಲ ಯಾವ ಊರಿಗೆ ಹೋದ್ರೂ ಮೊದಲ ಅವರ ಮನ್ಯಾಗ ಉಣ್ಣು. ಉಂಡ ಮ್ಯಾಲ ಮಾತಾಡು."

"ಅವರಿಗೇ ಇಲ್ಲ ಅಕ್ಕಾರ, ನಾ ಹೋಗಿ ಹೆಂಗ ಉಣ್ಣಲಿ?"

"ಅರ್ಧ ರೊಟ್ಟಿ ಉಣ್ಣು. ಅವರ ತಾಟಿನಾಗ ಏನದ ಅನ್ನೋದು ನೋಡದ ಅವರ ಪರವಾಗಿ ಹೆಂಗ ಮಾತಾಡ್ತೀ?"

ಅದು ನಮ್ಮ ಸಮಿತಿಯ ಪದ್ಧತಿಯಾಯಿತು. ಕೈಲಾದರೆ ನಾವೇ ಒಂದು ಹಿಡಿ ಬೇಳೆಯನ್ನೋ ಸೊಪ್ಪನ್ನೋ ಒಯ್ದು ಅವರ ಒಲೆಗೆ ಕೊಟ್ಟು, ಅವರ ಜೊತೆ ಕುಳಿತು ಉಣ್ಣುವುದು. ಆ ಬರಗಾಲದಂಥ ದಿನಗಳಲ್ಲಿ ನನ್ನ ಮುಂದೆ ರೊಟ್ಟಿ ಮುರಿದಿಟ್ಟ ತಾಯಂದಿರ ಮುಖಗಳು ಇವತ್ತಿಗೂ ಕಣ್ಣ ಮುಂದಿವೆ. ಒಬ್ಬರ ಋಣವನ್ನೂ ನಾನು ತೀರಿಸಿಲ್ಲ.

ಬಬಲೇಶ್ವರದ ಸಂತೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಆಗ ಯುದ್ಧದ ವಿರುದ್ಧ ಬಾಯಿ ಬಿಟ್ಟರೆ ಪೊಲೀಸರು ಎತ್ತಿಕೊಂಡು ಹೋಗುತ್ತಿದ್ದರು. ಸರ್ಕಾರದ ಪ್ರಚಾರದ ಲಾರಿಯೊಂದು ಸಂತೆಗೆ ಬಂದು, ಗ್ರಾಮೋಫೋನು ಹಚ್ಚಿ, ಯುದ್ಧನಿಧಿಗೆ ಕೊಡಿರೆಂದು ಕೂಗುತ್ತಿತ್ತು. ನಾವು ಏನು ಮಾಡಬೇಕು? ಅಂಬಾಬಾಯಿ ದಾವಲಸಾಬನಿಗೆ ಒಂದೇ ಕೆಲಸ ಹೇಳಿದರು. ಅವನು ಲಾರಿಯ ಎದುರಿಗೆ ಟಾಂಗಾ ನಿಲ್ಲಿಸಿ, ಮೇಲೆ ನಿಂತು, ಹೋದ ಸಂತೆಯ ಜೋಳದ ದರ ಮತ್ತು ಈ ಸಂತೆಯ ದರ, ಹೋದ ಸಂತೆಯ ಎಣ್ಣೆಯ ದರ ಮತ್ತು ಈ ಸಂತೆಯ ದರ, ಇಷ್ಟನ್ನೇ ಕೂಗಿದ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಪೊಲೀಸ್ ಫೌಜದಾರ ಬಂದು ಕೇಳಿದ, "ಏನು ಒದರಾಕತ್ತೀಯಲೇ?"

"ದರ ಹೇಳಾಕತ್ತೇನ್ರಿ ಸಾಹೇಬರ. ದರ ಹೇಳಬಾರದೇನ್ರಿ? ತಪ್ಪಿದ್ದರ ನೀವs ತಿದ್ರಿ."

ಫೌಜದಾರನ ಮನೆಯಲ್ಲೂ ಅದೇ ದರದ ಜೋಳ ಬೀಸುತ್ತಿದ್ದರಲ್ಲ! ಅವನು ಮೀಸೆಯಲ್ಲೇ ನಕ್ಕು ಆಚೆ ಹೋದ. ಅಂದಿನಿಂದ ಪ್ರತಿ ಸಂತೆಯಲ್ಲೂ ಜನ ನಮ್ಮ ಟಾಂಗಾದ ದಾರಿ ಕಾಯತೊಡಗಿದರು. ಪ್ರಚಾರ ಎಂದರೆ ಹೊಸದನ್ನು ಹೇಳುವುದಲ್ಲ, ಎಲ್ಲರ ಮನೆಯಲ್ಲಿರುವ ಸಂಕಟವನ್ನು ಬಯಲಿಗೆ ತಂದು ಹೇಳುವುದು ಎಂದು ನನಗೆ ಅಲ್ಲಿ ಹೊಳೆಯಿತು.

ಇನ್ನು ಆ ರೊಟ್ಟಿಯ ವಿಷಯ.

ಟಿಕೋಟದ ಹತ್ತಿರ ಘೋಣಸಗಿಯಲ್ಲಿ ಶಿವವ್ವ ಎಂಬ ಕೂಲಿ ಹೆಣ್ಣುಮಗಳ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ರೊಟ್ಟಿ, ಕೆಂಪು ಖಾರ, ಉಳ್ಳಾಗಡ್ಡಿ. ತುತ್ತು ಬಾಯಿಗೆ ಒಯ್ದವನು ಹಾಗೆಯೇ ಕೈ ತಡೆದೆ. ಮುಗ್ಗಲು ವಾಸನೆ, ಅದರೊಳಗೊಂದು ಹುಳಿ. ನಮ್ಮ ಕಡೆ ಹುಟ್ಟಿದವರಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಅದು ಹಗೇವಿನ ಜೋಳ.

ಈಗಿನವರಿಗೆ ಹಗೇವು ಗೊತ್ತಿಲ್ಲದಿರಬಹುದು. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಮಾತ್ರ ಮನೆಯ ಪಡಸಾಲೆಯಷ್ಟು. ಸುತ್ತ ಜೋಳದ ದಂಟಿನ ಕಣಿಕೆ, ಹೊಟ್ಟು ಒತ್ತಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ವಿಷವಾಗುತ್ತದೆ. ಅದಕ್ಕೇ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಂದಿಡೀ ದಿನ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಅದೇ ತಮಾಷೆ.

"ಯವ್ವಾ, ಈ ಜ್ವಾಳ ಎಲ್ಲಿಂದು?" ಎಂದೆ.

ಶಿವವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಟಿಕೋಟದ ಸಾವಕಾರ್ರ ಹೊಲದಾಗ ಕೂಲಿ ಮಾಡಿದ್ನಿರಿ. ಕೂಲೀಗೆ ಕಾಳು ಕೊಟ್ರು. ನನ್ನ ಹೆಸರು ಹೇಳಬ್ಯಾಡಪಾ, ನಾಳಿ ಕೆಲಸಕ್ಕ ಕರಿಯಂಗಿಲ್ಲ."

ಟಿಕೋಟದ ಸಾವಕಾರರೆಂದರೆ ಗುರುಶಾಂತಪ್ಪ. ಎತ್ತರದ ಆಳು, ಬಿಳಿ ರುಮಾಲು, ದೇವರ ಮೇಲೆ ಬಹಳ ಭಕ್ತಿ. ಪಲ್ಟಣಿಗೆ ಧಾನ್ಯ ಒದಗಿಸುವ ದೊಡ್ಡ ಗುತ್ತಿಗೆದಾರರಿಗೆ ಜೋಳ, ಕಣಿಕೆ ಕೂಡಿಸಿ ಕೊಡುತ್ತಿದ್ದರು. ನಮ್ಮಲ್ಲಿ ಒಂದು ಕಾಳೂ ಉಳಿದಿಲ್ಲ ಎಂದು ವಾರದ ಹಿಂದೆಯಷ್ಟೇ ತಾಲೂಕಿನ ಅಧಿಕಾರಿ ಮಾಮಲೇದಾರರ ಮುಂದೆ ವಿಭೂತಿ ಮುಟ್ಟಿ ಹೇಳಿದ್ದರು. ದರ ಇನ್ನೂ ಏರಲಿ ಎಂದು ಕಾಯುತ್ತಿದ್ದಾರೆಂದು ನಮಗೆ ಅನುಮಾನವಿತ್ತು. ಈಗ ಅನುಮಾನಕ್ಕೆ ವಾಸನೆ ಸಿಕ್ಕಿತು.

ಅಂಬಾಬಾಯಿ ವಿಜಾಪುರಕ್ಕೂ ಟಿಕೋಟಕ್ಕೂ ಅಡ್ಡಾಡಿ ಮಾಮಲೇದಾರರ ಬೆನ್ನು ಹತ್ತಿದರು. ಕಡೆಗೆ ಅವರು ಬೇಸತ್ತು ಬರಲೊಪ್ಪಿದರು, ಆದರೆ ಕಟ್ಟುನಿಟ್ಟಾಗಿ ಹೇಳಿದರು: "ಬಾಯಿಯವರ, ಜ್ವಾಳ ಸಿಗದಿದ್ದರ ಸುಳ್ಳು ಸುದ್ದಿ ಹಬ್ಬಿಸಿದಿರಿ ಅಂತ ನಿಮ್ಮ ಸಮಿತಿಗೆ ಕೀಲಿ ಹಾಕಬೇಕಾಗ್ತದ. ಇನ್ನೊಂದು ಮಾತು. ಸಿಕ್ಕರೂ ಅದರ ಮಾಲಕ ಯಾರಂತ ಸಿದ್ಧ ಆಗಬೇಕು. ಮಾಲಕ ಗೊತ್ತಾದರ ಅದs ಊರಾಗ ಕಂಟ್ರೋಲ್ ದರಕ್ಕ ಮಾರಸ್ತೀನಿ. ಮಾಲಕ ಇಲ್ಲದ ಮಾಲು ಸರ್ಕಾರದ ಕೋಠಿಗೆ ಹೋಗ್ತದ, ಅಲ್ಲಿಂದ ಪಲ್ಟಣಿಗೆ."

ಹೊಸ ಬೆಳೆ ಬರಲು ಇನ್ನೂ ಬಹಳ ದಿನಗಳಿದ್ದವು. ಟಿಕೋಟ, ಘೋಣಸಗಿಯ ಮನೆಗಳಲ್ಲಿ ಒಂದು ಹೊತ್ತಿನ ಒಲೆ ಆಗಲೇ ನಿಂತಿತ್ತು. ಜೋಳ ಸಿಗಬೇಕು, ಸಾವಕಾರರದೆಂದು ಸಾಬೀತಾಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಆ ಮನೆಗಳಿಗೆ ಏನೂ ದಕ್ಕುತ್ತಿರಲಿಲ್ಲ.

ಟಿಕೋಟದ ಊರ ಹೊರಗೆ ಹಳೆಯ ಹಗೇವುಗಳ ಒಂದು ಬಯಲಿತ್ತು, ಊರಿಗೆಲ್ಲ ಸೇರಿದ ಜಾಗ. ಅಲ್ಲಿ ಒಂದು ಕಡೆ ಹೊಸದಾಗಿ ತಿಪ್ಪೆ ಹಾಕಿದ್ದರು. ಬಯಲ ನಡುವೆ ತಿಪ್ಪೆ ಯಾಕೆ ಬಂತು? ನಾನೂ ದಾವಲಸಾಬನೂ ಕೆದರಿ ನೋಡಿದೆವು, ಕೆಳಗೆ ಹಾಸುಗಲ್ಲು. ಶಿವವ್ವನ ಮನೆಗೆ ಹೋದ ಜೋಳ ಇಲ್ಲಿಂದಲೇ ತೆಗೆದದ್ದು, ಮೇಲೆ ತಿಪ್ಪೆ ಒಟ್ಟಿ ಮುಚ್ಚಿದ್ದಾರೆ ಎಂದು ನಾನು ಲೆಕ್ಕ ಹಾಕಿದೆ. ನನ್ನ ಮೂಗಿನ ಮೇಲೆ ನನಗೆ ಆಗ ವಿಪರೀತ ಅಭಿಮಾನ ಬಂದುಬಿಟ್ಟಿತ್ತು.

ಮಾಮಲೇದಾರರು ಬಂದ ದಿನ ಬಯಲಿನ ತುಂಬ ಜನ. ಗುರುಶಾಂತಪ್ಪನವರೂ ಬಂದು ಒಂದು ಬದಿಗೆ ಬೇವಿನ ನೆರಳಲ್ಲಿ ಕೈಕಟ್ಟಿ ನಿಂತಿದ್ದರು.

"ಸಾವಕಾರ, ಈ ಹಗೇವು ಯಾರದು?" ಎಂದು ಮಾಮಲೇದಾರರು ಕೇಳಿದರು.

"ನನಗ ಗೊತ್ತಿಲ್ರಿ. ಹಿರೇರ ಕಾಲದ್ದು. ಇದರ ಗೊಡವಿ ನಮಗಿಲ್ಲ."

ತಿಪ್ಪೆ ಎಳೆದರು, ಮಣ್ಣು ಕೆರೆದರು, ಹಾಸುಗಲ್ಲು ಸರಿಸಿದರು. ಕೆಳಗೆ ಕತ್ತಲೆ. ಜೋಳ ಕಾಣಲಿಲ್ಲ. ಕಂದೀಲು ತರಬೇಕೆಂದರೆ ಎಣ್ಣೆಯಿಲ್ಲ, ಅದೂ ಯಾರದೋ ಹಿತ್ತಲಲ್ಲಿ ಬಚ್ಚಿಟ್ಟುಕೊಂಡಿತ್ತು. ಮಾಮಲೇದಾರರು ಗಡಿಯಾರ ನೋಡಿಕೊಳ್ಳತೊಡಗಿದರು. "ಖಾಲಿ ಇದ್ದಂಗ ಅದ" ಎಂದರು. ಜನರೊಳಗಿಂದ ಯಾರೋ ಕಿಸಕ್ಕನೆ ನಕ್ಕರು.

ನನಗೆ ತಡೆಯಲಾಗಲಿಲ್ಲ. ಮೊನ್ನೆಯಷ್ಟೇ ತೆರೆದ ಹಗೇವು, ಒಳಗಿನ ಗಾಳಿ ಹೊಸದೇ ಇದ್ದೀತು, ಒಂದು ಹಿಡಿ ಜೋಳ ತಂದು ಇವರ ಮೂಗಿಗೆ ಹಿಡಿದರೆ ಮುಗಿಯಿತು ಎಂದುಕೊಂಡೆ. "ಕೂಲೀಗೆ ಕೊಟ್ಟ ಜ್ವಾಳ ಮೊನ್ನೆ ಇದರಿಂದs ತಗದಾರ, ಗಾಳಿ ಹೊಸದೈತಿ" ಎಂದು ಕೂಗಿದೆ. ಹಗ್ಗ ಕಟ್ಟಿಕೊಳ್ಳುವ ವ್ಯವಧಾನವೂ ಇರಲಿಲ್ಲ. ಧೋತರ ಕಚ್ಚೆ ಬಿಗಿದು ಹಗೇವಿನ ಬಾಯಲ್ಲಿ ಕಾಲಿಳಿಬಿಟ್ಟೆ. ದಾವಲಸಾಬ "ಏ ತಡಿಯಪಾ" ಎನ್ನುವುದರೊಳಗೆ ಎದೆಮಟ ಇಳಿದಿದ್ದೆ.

ಆಗ ಬೇವಿನ ನೆರಳಿನಿಂದ ಒಂದು ಕೂಗು ಬಂತು.

"ಏ ಹುಡುಗಾ! ಮ್ಯಾಲ ಬಾ! ಮ್ಯಾಲ ಬಾರಲೇ! ಕೂಲೀಗೆ ಕೊಟ್ಟ ಜ್ವಾಳ ಬ್ಯಾರೆ ಹಗೇವಿಂದು, ಇದು ನಾ ಮುಚ್ಚಿ ಮೂರು ಸುಗ್ಗಿ ಆಗ್ಯಾವು! ಸಾಯ್ತೀಯಲೇ!"

ಕೂಗುತ್ತಲೇ ಓಡಿ ಬಂದರು ಗುರುಶಾಂತಪ್ಪ. ರುಮಾಲು ಬಿಚ್ಚಿ ಬಿತ್ತು, ಅದನ್ನು ತುಳಿದುಕೊಂಡೇ ಬಂದರು. ನನ್ನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿ ಎಳೆದರು. ದಾವಲಸಾಬ ತೋಳು ಹಿಡಿದ. ಹೊರಗೆ ಬಂದು ಬಿದ್ದಾಗ ನನ್ನ ತಲೆ ಆಗಲೇ ಗಿರ್ರೆನ್ನುತ್ತಿತ್ತು. ದಾವಲಸಾಬ ಒಂದು ಹಿಡಿಯಷ್ಟು ಕಣಿಕೆಯ ಸಿವುಡಿಗೆ ಬೆಂಕಿ ಹಚ್ಚಿ ಹಗೇವಿನೊಳಗೆ ಒಗೆದ. ಅದು ಬಾಯಿ ದಾಟಿ ಸ್ವಲ್ಪವೇ ಕೆಳಗೆ ಹೋಗಿ ತಟ್ಟನೆ ಆರಿತು. ಆರುವ ಮುಂಚಿನ ಬೆಳಕಿನಲ್ಲಿ ಕೆಳಗೆ ರಾಶಿ ಜೋಳ ಹೊಳೆದದ್ದನ್ನು ಮುಂದಿದ್ದವರೆಲ್ಲ ಕಂಡರು.

ನಾನು ಆ ಸಿವುಡಿ ಆರಿದ ಕತ್ತಲನ್ನೇ ನೋಡುತ್ತ ಕುಳಿತೆ. ಅದು ಆರಿದ ಜಾಗದಲ್ಲಿ ಇನ್ನೊಂದು ಗಳಿಗೆಗೆ ನನ್ನ ಮುಖ ಇರುತ್ತಿತ್ತು.

ಗುರುಶಾಂತಪ್ಪನವರಿಗೂ ತಾವು ಕೂಗಿದ ಮಾತು ಯಾವುದೆಂಬುದು ಆಗಷ್ಟೇ ಅರಿವಿಗೆ ಬಂದಿರಬೇಕು. ಒಂದಲ್ಲ, ಎರಡು ಹಗೇವುಗಳನ್ನು ತಮ್ಮವೆಂದು ಊರ ಮುಂದೆ ಒಪ್ಪಿಕೊಂಡಿದ್ದರು.

"ಹಂಗಾದ್ರ ಇದು ನಿಮ್ಮದು" ಎಂದರು ಮಾಮಲೇದಾರರು.

ಸಾವಕಾರರು ಮಣ್ಣಿನಲ್ಲಿ ಬಿದ್ದ ರುಮಾಲಿನ ಕಡೆ ಮುಖ ತಿರುಗಿಸಿದರು. ಮಾಮಲೇದಾರರು ಜನರ ಕಡೆ ತಿರುಗಿ ಕೇಳಿದರು, "ಯಾರು ಯಾರು ಕೇಳಿದಿರಿ ಇವರು ಹೇಳಿದ್ದು?" ಎಲ್ಲರೂ ನೆಲ ನೋಡಿದರು. ಅಲ್ಲಿದ್ದವರಲ್ಲಿ ಅರ್ಧ ಜನ ಅವರ ಹೊಲದ ಆಳುಗಳು, ಉಳಿದವರು ಅವರ ಹಂಗಿನಲ್ಲಿದ್ದವರು. ಯಾರನ್ನೂ ತಪ್ಪು ಎನ್ನಲಾರೆ. ಕಡೆಗೆ ಮಾಮಲೇದಾರರು ನನ್ನ ಮುಂದೆ ಬಂದು ನಿಂತರು. "ನೀವು ಹೇಳ್ರಿ. ಕೇಳಿದಿರೋ ಇಲ್ಲೋ?"

ಹುಡುಗರೇ, ನನ್ನ ಕೆಲಸದ ಇಷ್ಟು ವರ್ಷಗಳಲ್ಲಿ ಅಂಥ ಪ್ರಶ್ನೆ ನನಗೆ ಮತ್ತೆ ಎದುರಾಗಲಿಲ್ಲ. ಕೇಳಿದೆ ಎಂದರೆ, ನನ್ನನ್ನು ಸಾವಿನ ಬಾಯಿಂದ ಎಳೆದವನ ಕೈಗೆ ಅದೇ ಗಳಿಗೆಯಲ್ಲಿ ಬೇಡಿ ಹಾಕಿಸಿದಂತೆ. ಕೇಳಲಿಲ್ಲ ಎಂದರೆ, ಜೋಳ ಮಾಲಕನಿಲ್ಲದ ಮಾಲಾಗಿ ಗಾಡಿ ಹತ್ತಿ ಪಲ್ಟಣಿಗೆ ಹೋಗುತ್ತದೆ, ಶಿವವ್ವನ ಒಲೆ ತಣ್ಣಗಾಗುತ್ತದೆ. ನಾನು ಅಂಬಾಬಾಯಿಯವರ ಮುಖ ನೋಡಿದೆ. ಅವರು ಡಬ್ಬಿ ತೆಗೆದರು, ಆದರೆ ಚಿಟಿಕೆ ಮೂಗಿನವರೆಗೆ ಹೋಗಲಿಲ್ಲ.

"ಪೂರ್ತಿ ಹೇಳು ಬಸವಂತ" ಎಂದರು ಮೆಲ್ಲಗೆ. "ಅರ್ಧಾ ಹೇಳಬ್ಯಾಡ."

ನಾನು ಎದ್ದು ನಿಂತೆ. "ಕೇಳಿನ್ರಿ ಸಾಹೇಬರ. ಜ್ವಾಳ ಸಾವಕಾರ್ರದು. ಈಗ ನನ್ನ ಜೀವಾನೂ ಸಾವಕಾರ್ರದು. ಎರಡೂ ಬರಕೊಳ್ರಿ. ಒಂದs ಬರಕೊಂಡ್ರ ನಾ ಸಹಿ ಮಾಡಂಗಿಲ್ಲ."

ಮಾಮಲೇದಾರರು ಹುಬ್ಬೇರಿಸಿದರು. ಪಂಚನಾಮೆಯಲ್ಲಿ ಜೀವ ಬರೆದುಕೊಳ್ಳುವ ಪದ್ಧತಿ ಅವರ ಕಚೇರಿಯಲ್ಲಿ ಇರಲಿಲ್ಲ. ಆದರೂ ಕಾರಕೂನನಿಗೆ ಬರೆಯಲು ಸನ್ನೆ ಮಾಡಿದರು. ಗುರುಶಾಂತಪ್ಪ ನನ್ನನ್ನು ದಿಟ್ಟಿಸಿದರು. ಆಮೇಲೆ ಬಗ್ಗಿ, ಮಣ್ಣಾದ ರುಮಾಲನ್ನು ಎತ್ತಿ ಕೊಡವಿ, ತಲೆಗೆ ಸುತ್ತದೆ ಹೆಗಲ ಮೇಲೆ ಹಾಕಿಕೊಂಡರು.

"ಇನ್ನೊಂದು ಹಗೇವು ಆ ಬೇವಿನ ಗಿಡದ ಬುಡಕ್ಕ ಐತ್ರಿ" ಎಂದರು. "ಅದನ್ನೂ ಬರಕೊಳ್ರಿ. ಬೇಕಾದಷ್ಟು ಗಾಳ್ಯಾಡಿಸಿ ಇಳಸ್ರಿ. ಈ ಹುಡುಗನ್ನ ಮಾತ್ರ ಮುಂದ ಬಿಡಬ್ಯಾಡ್ರಿ."

ಅಷ್ಟು ಹೊತ್ತು ಬಿಗಿಹಿಡಿದಿದ್ದ ಬಯಲು ಆಗ ನಕ್ಕಿತು, ಸಾವಕಾರರನ್ನು ಬಿಟ್ಟು ಎಲ್ಲರೂ ನಕ್ಕರು. ನಾನು ಅತ್ತೆ.

ಒಮ್ಮೆ ಬಾಯಿ ತೆರೆದ ಹಗೇವನ್ನು ಬಹಳ ದಿನ ಹಾಗೇ ಬಿಡುವಂತಿಲ್ಲ, ಜೋಳ ಕೆಡುತ್ತದೆ. ಗಾಳಿ ತಿಳಿಯಾದ ಮೇಲೆ ಆಳುಗಳು ಇಳಿದು ಬುಟ್ಟಿ ಬುಟ್ಟಿ ಮೇಲೆತ್ತಿದರು. ಕಂಟ್ರೋಲ್ ದರಕ್ಕೆ ಟಿಕೋಟದಲ್ಲಿ, ಘೋಣಸಗಿಯಲ್ಲಿ ಹಂಚಿಕೆಯಾಯಿತು. ಹೆಣ್ಣುಮಕ್ಕಳು ಮೊರ ಹಿಡಿದು ಬಂದರು, ಒಬ್ಬರ ಕಾಳನ್ನು ಒಬ್ಬರು ಕೇರಿ ಕೊಟ್ಟರು. ಮರುದಿನ ಓಣಿ ಓಣಿಯಲ್ಲಿ ಹಗೇವಿನ ಜೋಳದ ರೊಟ್ಟಿ ಬಡಿಯುವ ಸಪ್ಪಳ. ಊರಿಗೆ ಊರೇ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಅಂಥ ಸುವಾಸನೆ ನಾನು ಇನ್ನೆಲ್ಲೂ ಕಂಡಿಲ್ಲ. ಶಿವವ್ವ ನನಗೆಂದು ಎರಡು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದಳು.

ಗುರುಶಾಂತಪ್ಪನವರು ಜೈಲಿಗೆ ಹೋಗಲಿಲ್ಲ. ತಾವಾಗಿಯೇ ಎರಡನೆಯ ಹಗೇವು ತೋರಿಸಿದರೆಂಬುದನ್ನೂ, ನನ್ನ ಹೇಳಿಕೆಯನ್ನೂ ಲೆಕ್ಕಕ್ಕೆ ಹಿಡಿದು ದಂಡ ಹಾಕಿ ಬಿಟ್ಟರು. ಲೈಸೆನ್ಸು ಹೋಯಿತು. ಗುತ್ತಿಗೆದಾರರು ಕೈಬಿಟ್ಟರು. ನಾನು ಅವರ ಮನೆಗೆ ಹೋದೆ, ಅವರ ಹೆಂಡತಿ ನನ್ನನ್ನು ಕಂಡು ಒಳಗೆ ಹೋಗಿಬಿಟ್ಟರು. ಸಾವಕಾರರು ಪಡಸಾಲೆಯಲ್ಲಿ ಕುಳಿತಿದ್ದರು. ಒಂದು ತಂಬಿಗೆ ನೀರು ಮಾತ್ರ ತರಿಸಿ ಕೊಟ್ಟರು. ಕುಡಿದು ಬಂದೆ.

ಅಂದಿನಿಂದ ನಮ್ಮ ಪ್ರಚಾರದ ರೀತಿ ಬದಲಾಯಿತು. ಅದಕ್ಕೆ ಮುಂಚೆ ನಾವು ಸಂತೆಯಲ್ಲಿ ದರ ಕೂಗಿದ ಮೇಲೆ ಬಚ್ಚಿಟ್ಟವರ ಹೆಸರು ಹಿಡಿದು ಬೈಯುತ್ತಿದ್ದೆವು. ಜನ ಚಪ್ಪಾಳೆ ತಟ್ಟುತ್ತಿದ್ದರು, ಜೋಳ ಮಾತ್ರ ಹೊರಬರುತ್ತಿರಲಿಲ್ಲ. ಆಮೇಲೆ ಅಂಬಾಬಾಯಿ ಬೈಗುಳ ನಿಲ್ಲಿಸಿದರು. ಬಚ್ಚಿಟ್ಟವನ ಮನೆಗೇ ಹೋಗಿ, ಜಗಲಿಯ ಮೇಲೆ ಕುಳಿತು, ಅವನ ಮನೆಯ ಹೆಣ್ಣುಮಕ್ಕಳಿಗೂ ಕೇಳುವಂತೆ ಊರಿನ ಒಲೆಗಳ ಸುದ್ದಿ ಹೇಳುವುದು. ಎಷ್ಟೋ ಕಡೆ ಬಾಗಿಲು ಮುಚ್ಚಿದರು. ಒಂದೆರಡು ಕಡೆ ನಾಯಿ ಬಿಟ್ಟರು, ದಾವಲಸಾಬನ ಪಂಚೆ ಹರಿಯಿತು. ಆದರೆ ಕೆಲವು ಕಡೆ ಮರುಸಂತೆಗೆ ಜೋಳ ತಾನಾಗಿ ಗಾಡಿಯಲ್ಲಿ ಬಂದು ನಿಂತಿತು.

ಯುದ್ಧ ಮುಗಿಯಿತು. ಊರಿಗೆ ಊರನ್ನೇ ಸುಟ್ಟ ಹೊಸ ಬಾಂಬಿನ ಸುದ್ದಿ ಬಂತು. ನಮ್ಮ ದೇಶವೂ ಸ್ವತಂತ್ರವಾಯಿತು. ಜೋಳದ ಸಮಿತಿಗೆ ಇನ್ನೇನು ಕೆಲಸ ಎಂದು ನಾನಂದುಕೊಂಡಿದ್ದೆ. ಅಂಬಾಬಾಯಿ ಪತ್ರಿಕೆ ಓದಿ ಮಡಚಿಟ್ಟರು. ಯುದ್ಧವಿಲ್ಲದಾಗಲೂ ದೊಡ್ಡ ದೇಶಗಳು ಮದ್ದುಗುಂಡಿನ ಮೇಲೆ ಸುರಿಯುವುದನ್ನು ನಿಲ್ಲಿಸಿರಲಿಲ್ಲ. "ಹಗೇವು ದೊಡ್ಡದಾಗ್ಯದ ಅಷ್ಟ" ಎಂದರು. "ನಮ್ಮ ಕೆಲಸ ಅದs."

ಅದನ್ನು ಜನರಿಗೆ ಹೇಳಲು ಅವರು ಆರಿಸಿದ ಜಾಗ ಮಲಿಕ್-ಎ-ಮೈದಾನ್ ಎಂಬ ಹಳೆಯ ಫಿರಂಗಿ ತೋಪಿನ ಬುರುಜು. ವಿಜಾಪುರದ ಮಕ್ಕಳೆಲ್ಲ ಹತ್ತಿ ಜಾರಿ ಆಡಿ ನುಣುಪು ಮಾಡಿದ ತೋಪು. ಅಷ್ಟು ದೊಡ್ಡ ತೋಪನ್ನು ಎರಕ ಹೊಯ್ದ ವರ್ಷ ಯಾರ ಮನೆಯ ಒಲೆ ಆರಿತ್ತೋ, ಯಾರು ಕಂಡಿದ್ದಾರೆ? ಸಭೆಯ ದಿನ ಮೇಲೆಯೂ ಕೆಳಗೂ ಜನ ಸೇರಿದ್ದರು. ಟಿಕೋಟದಿಂದಲೂ ಒಂದು ಗಾಡಿ ಬಂದಿತ್ತು. ನಾನು ಬುರುಜಿನ ಮೆಟ್ಟಿಲ ಮೇಲೆ ನಿಂತು ಜನರನ್ನು ಕೂಡಿಸುತ್ತಿದ್ದಾಗ ಕೆಳಗೆ, ಗುಂಪಿನ ಕಡೆಗೆ ಬೆನ್ನು ಮಾಡಿ ನಿಂತಿದ್ದ ಎತ್ತರದ ಆಳೊಂದು ಕಣ್ಣಿಗೆ ಬಿತ್ತು. ಬಿಳಿ ರುಮಾಲು. ಬರಬೇಕೋ, ತಿರುಗಿ ಹೋಗಬೇಕೋ ಎಂದು ತಿಳಿಯದೆ ನಿಂತಂತಿತ್ತು.

ನಾನು ಕೆಳಗಿಳಿದು ಹೋಗಿ ಕೈ ಚಾಚಿದೆ. "ಮ್ಯಾಲ ಬರ್ರಿ ಸಾವಕಾರ್ರ."

ಗುರುಶಾಂತಪ್ಪ ತಿರುಗಿ ನೋಡಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಕಂಡೆ. "ಅದು ನನ್ನ ಮಾತಲೋ ಹುಡುಗಾ" ಎಂದರು. ಕೈ ಹಿಡಿದರು. ಮೊಣಕಾಲು ನೋವಿತ್ತು, ಮೆಲ್ಲಗೆ ಹತ್ತಿದರು.

ಮೇಲೆ ಬಂದವರನ್ನು ಅಂಬಾಬಾಯಿ ಕರೆದು ತೋಪಿನ ಪಕ್ಕ ನಿಲ್ಲಿಸಿದರು. "ನಿಮಗೇನರ ಹೇಳೋದದ ಏನ್ರಿ?" ಎಂದರು. ಇಲ್ಲ ಎನ್ನುತ್ತಾರೆಂದು ನಾನು ಅಂದುಕೊಂಡೆ. ಅವರು ತೋಪಿನ ಮೇಲೆ ಕೈಯಿಟ್ಟರು. ಅವರಿಗೆ ಭಾಷಣ ಬರುತ್ತಿರಲಿಲ್ಲ.

"ನಾ ದಿನಾ ಎರಡೂ ಹೊತ್ತು ಪೂಜಿ ಮಾಡಾಂವ" ಎಂದರು. "ಲಡಾಯಿ ನಡದಾಗ ನಾ ದೇವರ ಮುಂದ ಕುಂತು ಏನು ಬೇಡಕೊಂತಿದ್ದೆ ಗೊತ್ತೈತೇನ್ರಿ? ಇದು ಇನ್ನೊಂದು ವರ್ಷ ನಡೀಲಿ ಯಪ್ಪಾ, ಈಗ ಮುಗಿಸಬ್ಯಾಡ ಅಂತಿದ್ದೆ. ನನ್ನ ಹತ್ರ ಇದ್ದದ್ದು ಎರಡು ಹಗೇವು ಜ್ವಾಳ ಅಷ್ಟ. ಅಷ್ಟಕ್ಕs ನಾ ಮಂದಿ ಸಾವು ಬೇಡಿದ್ನಿ. ಇಂಥಾ ತೋಪು ಮಾಡಿ ಮಾರಾವ್ರು, ಇಮಾನ ಮಾಡಿ ಮಾರಾವ್ರು, ಅವ್ರು ದಿನಾ ಏನು ಬೇಡಕೊಂತಿರಬೇಕು, ನೀವs ಹೇಳ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ತೋಪಿನ ಮೇಲೆ ಕುಳಿತಿದ್ದ ಮಕ್ಕಳು ಒಬ್ಬೊಬ್ಬರಾಗಿ ಕೆಳಗಿಳಿದರು. ನಾನು ಆಮೇಲೆ ಎಷ್ಟೋ ಊರುಗಳಲ್ಲಿ, ಎಷ್ಟೋ ದೊಡ್ಡವರ ಬಾಯಲ್ಲಿ ಯುದ್ಧದ ಖರ್ಚಿನ ಮಾತು ಕೇಳಿದ್ದೇನೆ, ನಾನೂ ಆಡಿದ್ದೇನೆ. ಅದಕ್ಕಿಂತ ಮೇಲಿನ ಮಾತು ನನಗೆ ಸಿಗಲಿಲ್ಲ.

ಸಭೆ ಮುಗಿದ ಮೇಲೆ ಅವರು ನನ್ನನ್ನು ಗಾಡಿಯಲ್ಲಿ ಕೂಡಿಸಿಕೊಂಡು ಟಿಕೋಟಕ್ಕೆ ಕರೆದೊಯ್ದರು. ಅವರ ಹೆಂಡತಿ ಈ ಸಲ ಒಳಗೆ ಹೋಗಲಿಲ್ಲ, ತಾಟು ಹಾಕಿದರು. ಬಿಸಿ ರೊಟ್ಟಿ ಬಂತು. ರೂಢಿಯಂತೆ ನಾನು ತುತ್ತನ್ನು ಮೂಗಿನ ಹತ್ತಿರ ಹಿಡಿದೆ. ಸಾವಕಾರರು ಎದುರಿನ ತಾಟಿನಿಂದ ಕಣ್ಣೆತ್ತಿ ನೋಡಿದರು.

"ಮೂಸಿ ನೋಡೋ ಮಾರಾಯ, ಚಲೋತಂಗ ಮೂಸಿ ನೋಡು" ಎಂದರು. "ಈ ವರ್ಷದ ಜ್ವಾಳ ಐತಿ."